ಮಹಾದೇವಿ ಬರೆಯದ ಒಂದು ಸಾಲು

"ನಮ್ಮವ್ವನ ಕಾಲು ಕೆಡಿಸಿದಾಕಿ ನೀವಽ ಏನ್ರಿ?"

ಮುಲುಂಡಿನ ಆಸ್ಪತ್ರೆಯ ವಿಚಾರಣೆ ಕೋಣೆಯ ಬಾಗಿಲಲ್ಲಿ ಕೇಳಿದ ಆ ದನಿಗೆ ಮಹಾದೇವಿ ತಟ್ಟನೆ ತಿರುಗಿದಳು. ಮುಖ ಹೊಸದು... ದನಿ ಮಾತ್ರ ಎರಡು ತಿಂಗಳಿಂದ ಪರಿಚಿತ!

ಅವನು ಶ್ರೀಶೈಲ. ಅಂಧೇರಿಯಲ್ಲಿ ಲಿಫ್ಟ್ ಮೆಕ್ಯಾನಿಕ್. ಅವನ ತಾಯಿ ಭಾಗವ್ವನಿಗೆ ಸೊಂಟದ ಕೀಲು ಬದಲಿಸಿದ ಮೇಲೆ ಆಸ್ಪತ್ರೆಯಿಂದ ದಿನವೂ ಮನೆಗೆ ಹೋಗಿ ಮತ್ತೆ ನಡೆಯಲು ಕಲಿಸಿದ ಫಿಜಿಯೋಥೆರಪಿಸ್ಟ್ ಈ ಮಹಾದೇವಿ. ದಿನವೂ ಕೆಲಸದ ನಡುವೆ ಅವನ ಫೋನ್ ಬರುತ್ತಿತ್ತು.

"ಇವತ್ತ ಅವ್ವ ಎಷ್ಟ ಹೆಜ್ಜಿ ಹಾಕಿದ್ಳ್ರಿ ಮೇಡಂ?"

ಇಪ್ಪತ್ತು, ನಲವತ್ತು, ನೂರು... ಹೆಜ್ಜೆಯ ಮಾತು ಮುಗಿದರೂ ಇಬ್ಬರಿಗೂ ಫೋನ್ ಇಡಲು ಮನಸ್ಸಾಗುತ್ತಿರಲಿಲ್ಲ.

ಹೋದ ವಾರ ಭಾಗವ್ವನ ಹೊಸ ಕೀಲು ಜಾರಿ, ಅವಳು ಮತ್ತೆ ಆಸ್ಪತ್ರೆ ಸೇರಿದಳು. ವ್ಯಾಯಾಮ ಮಾಡಿಸುವಾಗ ಕಾಲು ತಿರುಚಿದ್ದಾರೆಂದು ಶ್ರೀಶೈಲ ದೂರು ಬರೆದುಕೊಟ್ಟ. ಅದು ನಿಜವೆಂದು ತೀರ್ಮಾನವಾದರೆ ಮಹಾದೇವಿಯ ಕೆಲಸ ಹೋದಂತೆಯೇ.

'ಹೇಳಿಬಿಡಲೇ? ಹೇಳಿದರೆ ಆ ತಾಯಿಗೆ ಕೊಟ್ಟ ಮಾತು?... ಶಿವನೇ, ನನಗೇನೂ ತೋಚುತ್ತಿಲ್ಲ!'

ವಿಚಾರಣೆಗೆ ಕುಳಿತ ಡಾಕ್ಟರ್ ಅಮಿತ, ಪೇಶಂಟ್ ಮನೆಯಲ್ಲಿ ನೆಲದ ಮೇಲೆ ಕೂರುತ್ತಿದ್ದರೇ ಎಂದು ಕೇಳಿದರು. ಕಾಲು ಮಡಚಿ ಕೂತರೂ ಆ ಕೀಲು ಜಾರುತ್ತದಂತೆ.

"ಇಲ್ರಿ ಸರ್! ಖುರ್ಚಿ ತಂದಿಟ್ಟೀನಿ," ಎಂದ ಶ್ರೀಶೈಲ. ಪಾಪ, ಬೆಳಗಿನ ಐದೂವರೆಯ ಲೋಕಲ್ ರೈಲು ಹಿಡಿಯುವವನಿಗೆ ಮನೆಯ ಮುಂಜಾನೆ ಹೇಗೆ ಗೊತ್ತಾಗಬೇಕು?

ಮಹಾದೇವಿ ಎದ್ದು ನಿಂತಳು. "ಸರ್, ನಂಗೆ ಒಂದು ವಿಷಯ ಗೊತ್ತಿತ್ತು. ರೆಕಾರ್ಡ್‌ನಲ್ಲಿ ಬರೀಲಿಲ್ಲ. ಅದು ನಂದೇ ಗಲತಿ. ಏನು ಅಂತ ಪೇಶಂಟ್ ಬಾಯಿಂದಲೇ ಕೇಳಿ... ನಾನು ಹೇಳೋ ಹಾಗಿಲ್ಲ."

ಶ್ರೀಶೈಲ ತಬ್ಬಿಬ್ಬಾದ. 'ತಪ್ಪು ಒಪ್ಪಿದಳೋ, ಏನಾದರೂ ಮುಚ್ಚಿಟ್ಟಳೋ?' ಮೂರನೇ ಮಹಡಿಯ ವಾರ್ಡಿಗೆ ಓಡಿದ.

"ಅವ್ವಾ, ಖರೇ ಹೇಳು. ಮನ್ಯಾಗ ನೆಲಕ್ಕ ಕೂತಿದ್ದಿ ಏನು?"

ಭಾಗವ್ವ ಕೊರಳಲ್ಲಿದ್ದ ಇಷ್ಟಲಿಂಗವನ್ನು ಮೆಲ್ಲಗೆ ಹಿಡಿದುಕೊಂಡಳು.

"ಲಿಂಗಪೂಜಿ ಖುರ್ಚಿ ಮ್ಯಾಲ ಕೂತು ಮಾಡ್ಲೇನೋ? ಸಣ್ಣಾಕಿದ್ದಾಗಿಂದ ಕಾಲು ಮಡಚಿ ಕೂತಾಕಿ ನಾ! ಆ ಹುಡಿಗಿ ಬ್ಯಾಡವ್ವ ಬ್ಯಾಡ ಅಂತ ಕೈ ಮುಗಿದ್ಳು. ನೀ ಬೈತಿ ಅಂತ, ಯಾರಿಗೂ ಹೇಳಬ್ಯಾಡ ಅಂತ ನಾನಽ ಆಣಿ ಹಾಕಿಸ್ಕೊಂಡೆ."

"ಮತ್ತ ಇಷ್ಟ ದಿನ ಸುಮ್ಮನಿದ್ದೆಲ್ಲ! ಆಕಿ ಮ್ಯಾಲ ದೂರು ಕೊಟ್ಟೀನಿ ನಾ!"

"ಅದನ್ನ ನನಗ ಯಾರ್ ಹೇಳ್ಯಾರ? ಹುಚ್ಚಪ್ಯಾಲಿ! ಹೋಗು, ಮೊದಲ ಹೋಗು!"

ಅವನು ಕೆಳಗೆ ಬಂದು ಎಲ್ಲವನ್ನೂ ಹೇಳಿದ. ಡಾಕ್ಟರ್ ಅಮಿತ ದೂರನ್ನು ಬದಿಗಿಟ್ಟರು. ಆದರೆ ಗೊತ್ತಿದ್ದೂ ಬರೆಯದಿದ್ದುದು ತಪ್ಪೇ ಎಂದು ಮಹಾದೇವಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಕೆಲಸ ಉಳಿಯಿತು. ಅವಳು ತಲೆಬಾಗಿ ಸಹಿ ಮಾಡಿದಳು.

ಶ್ರೀಶೈಲ ಅವಳ ಹಿಂದೆಯೇ ಹೊರಗೆ ಕಾರಿಡಾರಿಗೆ ಬಂದ.

"ನನಗ ಒಂದ್ಸಲ ಹೇಳಬಾರದಿತ್ತೇನ್ರಿ?"

"ಎಷ್ಟೋ ಸಲ ಬಾಯಿಗೆ ಬಂತು... ನೀವಾದ್ರೂ ದೂರು ಕೊಡೋ ಮುಂಚೆ ನನ್ನ ಕೇಳಬಹುದಿತ್ತಲ್ಲ?"

ಅವನು ನೆಲ ನೋಡಿದ. "ಧೈರ್ಯ ಆಗ್ಲಿಲ್ರಿ. ನಿಮ್ಮ ದನಿ ಕೇಳಿದ್ರ ಸಿಟ್ಟು ಇಳೀತದ ಅಂತ ಗೊತ್ತಿತ್ತು."

"ಈಗ ಇಳೀತಾ?"

"ಇಳೀತು... ಇಳಿದ ಮ್ಯಾಲ ಪ್ರೀತಿ ಒಂದಽ ಉಳದದ."

ಮಹಾದೇವಿಯ ಕಣ್ಣು ತುಂಬಿ ಬಂತು. ಅವಳು ವಾರ್ಡಿನ ಮೆಟ್ಟಿಲ ಕಡೆಗೆ ತಿರುಗಿದಳು.

"ಎಲ್ಲಿಗೆ ಹೊಂಟ್ರಿ?"

"ಅವ್ವನಿಗೆ ಹೇಳೋಕೆ. ಇನ್ನೊಂದು ಗುಟ್ಟು ಇಟ್ಕೊಳ್ಳೋ ಶಕ್ತಿ ನಂಗಿಲ್ಲಪ್ಪಾ!"

"ಅಂದ್ರ... ಹೂಂ ಅಂದಂಗೇನ್ರಿ?"

"ಹೂಂ ರೀ... ಬನ್ನಿ."