ಉಪ್ಪು ಬೆಲ್ಲ

"ಆ ಪುಸ್ತಕ ನಮ್ಮವ್ವಂದು. ವಾಪಸ್ ಕೊಡ್ರಿ."

ಬಾಗಿಲು ತೆರೆದ ಗಂಗಾಶ್ರೀ ಹಾಗೇ ನಿಂತಳು. ಎದುರಿಗಿದ್ದವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಆತ ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಹೇಳಿಕೊಂಡು ಬಂದವನಂತಿದ್ದ.

"ಯಾವ ಪುಸ್ತಕ?"

ಅವನು ಮೊಬೈಲ್ ಮುಂದೆ ಹಿಡಿದ. ಅವಳೇ ಫೇಸ್‌ಬುಕ್ಕಿಗೆ ಹಾಕಿದ್ದ ಚಿತ್ರ. ಹಳದಿಗಟ್ಟಿದ ಪುಟ, ನೀಲಿ ಶಾಯಿ, ಮೇಲೆ 'ಅಮಟೆಕಾಯಿ ಗೊಜ್ಜು' ಎಂಬ ತಲೆಬರಹ.

"ಈ 'ಜ್ಜು' ನೋಡ್ರಿ. ಕೊಂಬನ್ನ ಹಿಂಗೆ ಸುತ್ತಿ ಕೆಳಗಿನ ಸಾಲಿಗೆ ಇಳಿಸೋದು ನಮ್ಮವ್ವ ಒಬ್ಳೇ. ನಾನು ತೀರ್ಥೇಶ್ ಅಂತ, ಫೇಸ್‌ಬುಕ್ಕಲ್ಲಿ ನಿಮ್ಮ ಹೆಸರು ನೋಡಿ ಮನೆ ಹುಡುಕ್ಕೊಂಡು ಸೊರಬದಿಂದ ಬಂದಿದೀನಿ. ಅವ್ವ ಹೋದ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಗುಜರಿಗೆ ಹಾಕ್ಬಿಟ್ಟೆ. ಮಕ್ಕಳ ನೋಟ್‌ಬುಕ್ ಅಂದ್ಕೊಂಡು..."

ತಪ್ಪು ತನ್ನದೇ ಎಂದು ಹೇಳಿಕೊಳ್ಳಲು ಅಪರಿಚಿತರ ಬಾಗಿಲೇ ಬೇಕಾಯಿತೇ ಎನ್ನುವಂತೆ ಅವನು ನೆಲ ನೋಡಿದ.

ತನ್ನೂರಾದ ಶಿಕಾರಿಪುರದ ಗುಜರಿ ಗಾಡಿಯೊಂದರಲ್ಲಿ ಆ ಪುಸ್ತಕ ಗಂಗಾಶ್ರೀಗೆ ಸಿಕ್ಕಿತ್ತು. ಕೊಡಬೇಕಾದ್ದೇ ನ್ಯಾಯ. ಆದರೆ... 'ಇದನ್ನು ಕೊಟ್ಟರೆ ನಾಳೆ ಬೆಳಗ್ಗೆ ಎದ್ದು ನಾನು ಏನು ಮಾಡಲಿ?'

"ಮೂರು ತಿಂಗಳು ನನ್ನತ್ರ ಇರಲಿ. ಇದರಲ್ಲಿರೋದನ್ನೆಲ್ಲ ಒಂದೊಂದು ಸಲ ಮಾಡಿ ನೋಡಿ ಕೊಡ್ತೀನಿ."

"ಫೋಟೊ ತಕ್ಕೊಂಡು ಮಾಡ್ರಿ, ಮಾರಾಯ್ರೆ."

"ಎಣ್ಣೆ ಕಲೆ ಎಲ್ಲಿ ಜಾಸ್ತಿ ಇದೆಯೋ ಆ ಅಡುಗೇನ ನಿಮ್ಮ ತಾಯಿ ಹೆಚ್ಚು ಮಾಡ್ತಿದ್ರು. ಫೋಟೊದಲ್ಲಿ ಅದೆಲ್ಲ ಗೊತ್ತಾಗಲ್ಲ."

ತೀರ್ಥೇಶ್ ಆಗ ಹೆಲ್ಮೆಟ್ ತೆಗೆದ.

"ಹಂಗಾದ್ರೆ ಮಾಡ್ರಿ. ಆದ್ರೆ ನಾ ತಿಂದು ನೋಡ್ಬೇಕು. ಅವ್ವ ಮಾಡಿದಂಗೇ ಇದೆಯೋ ಇಲ್ವೋ ಅಂತ ಹೇಳಕ್ಕೆ ನನ್ ಬಿಟ್ರೆ ಯಾರೂ ಉಳಿದಿಲ್ಲ." ಅವಳ ಹಣೆಯ ವಿಭೂತಿಯನ್ನೂ ಒಳಗೆ ಕಾಣುತ್ತಿದ್ದ ಅಡುಗೆಮನೆಯನ್ನೂ ನೋಡಿ ಸೇರಿಸಿದ, "ಅದ್ರಲ್ಲಿ ಏಳು ಪುಟ ಮೀನಿಂದು. ಅವನ್ನ ಬಿಡ್ರಿ. ನಿಮ್ಮನೆ ಚಿಮಣಿ ಹೆದ್ರಿಕೊಂಡೀತು."

ಅವಳು ನಗಲಿಲ್ಲ. ನಗುವ ಮಾತು ಎಂದು ತಿಳಿಯಿತು, ಅಷ್ಟೆ.

ಆ ಚಿಮಣಿ, ಗಾಜಿನ ಒಲೆ, ಬಿಳಿ ಕಪಾಟುಗಳ ಅಡುಗೆಮನೆಯನ್ನು ಕಟ್ಟಿಸಿದವನು ಅವಳ ಗಂಡ ರೇಣುಕಾಪ್ರಸಾದ್. ಧಾರವಾಡದಲ್ಲಿ ಆಹಾರ ವಿಜ್ಞಾನ ಓದಿದ ಹೆಂಡತಿಗೆ ಪ್ರಯೋಗಶಾಲೆಯಂಥದ್ದೇ ಅಡುಗೆಮನೆ ಬೇಕೆಂದು ಹಟ ಹಿಡಿದಿದ್ದ. ಅದು ಮುಗಿದ ಮೂರನೇ ತಿಂಗಳು, ಅವಳು ಕಟ್ಟಿಕೊಟ್ಟ ಡಬ್ಬಿಯ ಊಟ ಉಂಡು, ಕೈ ತೊಳೆಯಲು ಎದ್ದವನು ತನ್ನ ಅಂಗಡಿಯಲ್ಲೇ ಕುಸಿದಿದ್ದ. ಹೃದಯಾಘಾತ. ಮೂವತ್ತನಾಲ್ಕು ವರ್ಷ.

ಮೂರನೇ ದಿನ ಅತ್ತೆ ರಾಜೇಶ್ವರಮ್ಮ ನೆಂಟರೆಲ್ಲರ ನಡುವೆ ಒಂದು ಮಾತು ಅಂದಿದ್ದರು.

"ಕಡೇ ತುತ್ತು ನಿನ್ನ ಕೈದೇ ಅಲ್ಲೇನವ್ವ... ಎಂಥ ಕೈಗುಣನೋ ನಿಂದು."

ಮತ್ತೆ ಯಾವತ್ತೂ ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ. ಹಿತ್ತಿಲ ಕಡೆಯ ಸಣ್ಣ ಕೋಣೆಯಲ್ಲಿ ಒಂಟಿ ಒಲೆ ಇಟ್ಟುಕೊಂಡು ಅಂದಿನಿಂದ ತಮ್ಮ ಅಡುಗೆ ತಾವೇ ಮಾಡಿಕೊಂಡರು. ಎರಡು ವರ್ಷ. ಒಂದೇ ಮನೆ, ಎರಡು ಒಲೆ.

ಗಂಗಾಶ್ರೀ ಅಂದಿನಿಂದ ಸಿಹಿ ಬಾಯಿಗಿಟ್ಟಿರಲಿಲ್ಲ. ಹರಕೆಯೇನಲ್ಲ. ಕೈ ಹೋಗುತ್ತಿರಲಿಲ್ಲ.

ತೀರ್ಥೇಶ್ ಸೊರಬದಲ್ಲಿ ಜಮೀನು ಅಳೆಯುವ ಸರ್ವೆಯರ್. ಭಾನುವಾರ ಮಾತ್ರ ಬಿಡುವು. ಬರುವಾಗ ಸೊರಬದ ಹತ್ತಿರದ ಉಳವಿಯಲ್ಲಿರುವ ತನ್ನ ಮನೆಯಿಂದ ಅಡುಗೆಗೆ ಬೇಕಾದ್ದನ್ನೆಲ್ಲ ಚೀಲದಲ್ಲಿ ಹೊತ್ತು ತರುತ್ತಿದ್ದ.

"ಎರಡು ಸಿದ್ದೆ ಅಕ್ಕಿ ಅಂತ ಬರೆದಿದ್ದಾರೆ. ಒಂದು ಸಿದ್ದೆ ಅಂದ್ರೆ ಎಷ್ಟು ಗ್ರಾಂ?" ತೂಕದ ಯಂತ್ರದ ಮುಂದೆ ನಿಂತು ಅವಳು ಕೇಳಿದಳು.

"ನಮ್ಮನೆ ಸಿದ್ದೆನಾ, ಪಕ್ಕದ್ಮನೆ ಸಿದ್ದೆನಾ?"

"ಎರಡೂ ಬೇರೆನಾ?"

"ಪಕ್ಕದ್ಮನೆಯೋರು ಸಾಲ ಕೊಡುವಾಗ ಒಂದು ಸಿದ್ದೆ, ವಾಪಸ್ ಇಸ್ಕೊಳ್ಳುವಾಗ ಇನ್ನೊಂದು. ಅವ್ವ ಅದಕ್ಕೇ ಅವರತ್ರ ಮಾತು ಬಿಟ್ಟಿದ್ಲು."

ಮರುವಾರ ಅವನು ತನ್ನ ಮನೆಯ ಹಿತ್ತಾಳೆ ಸಿದ್ದೆಯನ್ನೇ ತಂದ. ಅವಳು ಅಳೆದು, ತೂಗಿ, ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗ್ರಾಂ ಲೆಕ್ಕ ಬರೆದಳು.

ಸೌತೆಕಾಯಿ ಕಡುಬು ಆಯಿತು. ಎಳೆ ಬಿದಿರಿನ ಕಳಲೆ ಪಲ್ಯ ಆಯಿತು. ಹಿಟ್ಟು ಹೊಯ್ಯಲು ಹಲಸಿನ ಎಲೆಯ ಕೊಟ್ಟೆ ಕಟ್ಟುವುದನ್ನು ಅವನೇ ಕಲಿಸಿದ. ರುಚಿ ಹೇಳುವ ಕೆಲಸ ಪೂರ್ತಿ ಅವನದು. ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಿದ್ದ. ಮುಚ್ಚಿದ ಕಣ್ಣು ತುಸು ಹೊತ್ತು ಹಾಗೇ ಉಳಿದರೆ, ಅಡುಗೆ ಸರಿಯಾಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ಜಗುಲಿಯಲ್ಲಿ ಕೂತ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಅವನನ್ನೇ ಕೇಳಿದರು.

"ಮದುವಿ ಆಗೈತೇನಪ್ಪ?"

"ಇಲ್ಲ ಅಮ್ಮ."

"ಮತ್ತ ವಾರ ವಾರ ಇಲ್ಲಿ ಬಂದು ಉಂಡರ, ನಿನಗ ಹೆಣ್ಣು ಯಾರು ಹುಡುಕ್ತಾರ?"

ಅವನು ತಲೆ ತಗ್ಗಿಸಿ ನಕ್ಕ. ಒಳಗೆ ಪಾತ್ರೆ ತೊಳೆಯುತ್ತಿದ್ದ ಗಂಗಾಶ್ರೀಯ ಕೈ ಒಂದು ಕ್ಷಣ ನಿಂತಿತು. 'ಯಾಕೆ ನಿಂತಿತು?' ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಕೊನೆಗೆ ಒಂದೇ ಪುಟ ಉಳಿಯಿತು. ಕಜ್ಜಾಯ.

'ಬೆಲ್ಲ ನಮ್ಮ ಕಡೆಯ ಆಲೆಮನೆಯದ್ದೇ ಆಗಬೇಕು' ಎಂದು ಅವನ ಅವ್ವ ಬರೆದಿದ್ದಳು. ಬೆಲ್ಲವನ್ನು ಅವನೇ ತಂದ. ಅವಳು ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಸಿ ಇರುವಾಗಲೇ ಹಿಟ್ಟು ಮಾಡಿದಳು. ಪಾಕ ತೆಗೆದು ಹಿಟ್ಟು ಕಲಸಿ ವಾರ ಇಟ್ಟಳು. ಭಾನುವಾರ ಅವನೆದುರು ತಟ್ಟಿ ಎಣ್ಣೆಗೆ ಬಿಟ್ಟರೆ... ಕಜ್ಜಾಯ ಎಣ್ಣೆಯಲ್ಲೇ ಬಿಟ್ಟುಕೊಂಡು ಚೂರು ಚೂರಾಯಿತು.

"ಮುಂದಿನ ವಾರ ಇನ್ನೊಂದ್ಸಲ ನೋಡೋಣ ಬಿಡ್ರಿ" ಎಂದ ಅವನು.

ಎರಡನೇ ವಾರವೂ ಹಾಗೇ ಆಯಿತು. ಮೂರನೇ ವಾರ ಪಾಕಕ್ಕೆ ಥರ್ಮಾಮೀಟರ್ ಇಟ್ಟು ಕಾದಳು. ಎಣ್ಣೆಗೆ ಬಿದ್ದ ಮರುಗಳಿಗೆ ಅದೂ ಬಿಟ್ಟುಕೊಂಡಿತು.

ಅವನು ಹೋದ ಮೇಲೆ ಅವಳು ತನ್ನ ಎರಡೂ ಕೈಗಳನ್ನು ನೋಡುತ್ತ ನಿಂತಳು. ಓದಿದ್ದೆಲ್ಲ ಸುಳ್ಳೇ? ಅಳತೆ ಸರಿ ಇತ್ತು, ಶಾಖ ಸರಿ ಇತ್ತು. ತಪ್ಪು ಇನ್ನೆಲ್ಲಿ ಇರಲು ಸಾಧ್ಯ? 'ಅತ್ತೆ ಅಂದದ್ದು ನಿಜವೇ ಇರಬೇಕು. ಈ ಕೈ ಮುಟ್ಟಿದ್ದು ಉಳಿಯುವುದಿಲ್ಲ.'

ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ಸಲ ಬೆಲ್ಲ ಜಜ್ಜುವಾಗ ಒಂದು ಚೂರು ಸಿಡಿದು ತುಟಿಗೆ ಅಂಟಿತು. ಅವಳಿಗೆ ಗೊತ್ತಾಗುವ ಮೊದಲೇ ನಾಲಿಗೆ ಅದನ್ನು ಎಳೆದುಕೊಂಡಿತು.

ಎರಡು ವರ್ಷದ ಮೇಲೆ ಮೊದಲ ಸಿಹಿ... ಸಿಹಿಯಲ್ಲ. ಉಪ್ಪು.

ನನ್ನ ನಾಲಿಗೆಯೂ ಕೆಟ್ಟಿತೇ? ಹೆದರಿಕೆಯಾಯಿತು. ಬೆಲ್ಲದ ಚೂರು ಹಿಡಿದು ಹಿತ್ತಿಲ ಕೋಣೆಗೆ ನಡೆದಳು.

"ಅತ್ತೆ, ನಾನು ಮಾಡಿದ್ದಲ್ಲ ಇದು, ಬರೀ ಬೆಲ್ಲ. ಒಂಚೂರು ನೆಕ್ಕಿ ನೋಡ್ತೀರಾ?"

ರಾಜೇಶ್ವರಮ್ಮ ಅನುಮಾನದಿಂದಲೇ ನೆಕ್ಕಿದರು. ಮುಖ ಕಿವುಚಿದರು.

"ಥೂ... ಉಪ್ಪು ಬೆಲ್ಲ ಇದು. ದನಕ್ಕ ಹಾಕೋದು. ಇದರಾಗ ಎಲ್ಲಿ ಪಾಕ ಹಿಡೀತೈತಿ? ಯಾರು ಕೊಟ್ಟಿದ್ದು?"

ಗಂಗಾಶ್ರೀ ಚೂರನ್ನು ಮುಷ್ಟಿಯಲ್ಲಿ ಹಿಡಿದು ಅಡುಗೆಮನೆಗೆ ಮರಳಿದಳು.

ಭಾನುವಾರ ತೀರ್ಥೇಶ್ ಬಂದಾಗ ಒಲೆ ಆರಿತ್ತು. ಬೆಲ್ಲದ ಅಚ್ಚು ಮೇಜಿನ ಮೇಲಿತ್ತು.

"ಇದು ಎಲ್ಲಿಂದು?"

ಅವನು ಅಚ್ಚಿನ ಕಡೆ ನೋಡಿದ. ಸುಳ್ಳು ಹೇಳಲು ಪ್ರಯತ್ನಿಸಲಿಲ್ಲ.

"ನಮ್ಮನೇದೇ. ಬೋರಿನ ಉಪ್ಪು ನೀರಲ್ಲಿ ಬೆಳೆದ ಕಬ್ಬಿಂದು. ದನಕ್ಕೆ ಅಂತ ಇಟ್ಟಿದ್ದು."

"ಗೊತ್ತಿದ್ದೂ ತಂದ್ರಾ?"

"ಹೂಂ."

"ಎಲ್ಲಾ ಸಲಾನೂ?"

"ಹೂಂ... ಕಜ್ಜಾಯ ಸರಿಯಾದ್ರೆ ಪುಸ್ತಕ ಮುಗೀತಿತ್ತು. ಆಮೇಲೆ ಏನಂತ ಹೇಳಿ ಈ ಬಾಗಿಲಿಗೆ ಬರ್ಲಿ ನಾನು? ನೀವು ಬೈತೀರಿ ಅಂತ ಗೊತ್ತಿತ್ತು. ನೀವು ರುಚಿ ನೋಡಲ್ಲ ಅಂತಾನೂ ಗೊತ್ತಿತ್ತು. ನಂಗೆ ನಿಮ್ಮನ್ನ ಕಂಡ್ರೆ..."

"ಸಾಕು."

ಆ ಮಾತು ಎಷ್ಟು ಮೆಲ್ಲಗೆ ಬಂತೆಂದರೆ, ಅವನು ತಕ್ಷಣ ನಿಲ್ಲಿಸಿದ.

"ನಿಮಗೆ ಅದು ಆಟ. ನಾನು ಮೂರು ವಾರ ಈ ಕೈ ನೋಡ್ಕೊಂಡು ಕೂತಿದ್ದೆ. ನನ್ನ ಗಂಡ ಸತ್ತಿದ್ದು ಈ ಕೈಯ ಊಟದಿಂದಲೇ ಅಂತ... ಇಷ್ಟು ದಿನ ಬೇರೆಯವರು ಅಂದಿದ್ದನ್ನ ಈ ಮೂರು ವಾರದಲ್ಲಿ ನಾನೇ ನಂಬಿಬಿಟ್ಟೆ."

ಅವಳು ಪುಸ್ತಕ ತಂದು ಅವನ ಕೈಗಿಟ್ಟಳು.

"ತಗೊಂಡು ಹೋಗ್ರಿ. ಇನ್ನು ಬರಬೇಡಿ."

ಅವನು ಹೋದ. ಬೈಕು ಬೀದಿಯ ತಿರುವಿನಲ್ಲಿ ಒಮ್ಮೆ ನಿಂತದ್ದು ಕೇಳಿಸಿತು. ಮತ್ತೆ ಹೊರಟದ್ದೂ ಕೇಳಿಸಿತು.

ಒಂದೂವರೆ ತಿಂಗಳು ಕಳೆಯಿತು. ಅವನ ಫೋನು ಬರಲಿಲ್ಲ. ಮೊದಲ ವಾರ ಒಂದೇ ಒಂದು ಸಂದೇಶ ಬಂದಿತ್ತು: 'ತಪ್ಪಾಯ್ತು. ಕ್ಷಮಿಸಿ ಅಂತ ಕೇಳಲ್ಲ. ಕೇಳೋ ಅಷ್ಟು ಸಣ್ಣ ತಪ್ಪಲ್ಲ.'

ಅವಳು ಅದಕ್ಕೆ ಉತ್ತರಿಸಲಿಲ್ಲ. ಅಳಿಸಲೂ ಇಲ್ಲ.

ಒಂದು ದಿನ, ಯಾಕೆಂದು ತನಗೇ ತಿಳಿಯದೆ, ಪೇಟೆಯಿಂದ ಒಳ್ಳೆ ಬೆಲ್ಲ ತಂದಳು. ಕಜ್ಜಾಯದ ಪುಟ ಬಾಯಿಗೆ ಬರುತ್ತಿತ್ತು. ಅಕ್ಕಿ, ಪಾಕ, ಗಸಗಸೆ. ವಾರ ಕಳೆದು ಎಣ್ಣೆಗೆ ಬಿಟ್ಟಾಗ ಈ ಸಲ ಕಜ್ಜಾಯ ಮೆಲ್ಲಗೆ ಮೇಲೆದ್ದು, ಉಬ್ಬಿ, ಅಂಚು ಕೆಂಪಾಗಿ ತೇಲಿತು. ಒಂದಾದ ಮೇಲೊಂದು. ಒಂದೂ ಒಡೆಯಲಿಲ್ಲ.

ತಟ್ಟೆಯಲ್ಲಿಟ್ಟು ಅತ್ತೆಯ ಕೋಣೆಗೆ ಒಯ್ದಳು. ರಾಜೇಶ್ವರಮ್ಮ ಬಹಳ ಹೊತ್ತು ನೋಡಿದರು.

"ಚಂದ ಬಂದಾವು."

"ತಗೊಳ್ರಿ ಅತ್ತೆ."

"ಬ್ಯಾಡ."

"ಇನ್ನೂ ನನ್ನ ಕೈಗುಣ ಅಂತೀರಾ?"

ಮುದುಕಿ ಗೋಡೆಯ ಕಡೆ ತಿರುಗಿದರು.

"ನಿನ್ನ ಕೈಯಾಗ ಏನೂ ಇಲ್ಲವ್ವ, ಗೊತ್ತೈತಿ ನನಗ. ಆದ್ರ ನಿನ್ನ ಮ್ಯಾಲೆ ಹಾಕಲಿಲ್ಲ ಅಂದ್ರ... ನನ್ನ ಮಗ ಸುಮ್ಮನ ಸತ್ತ ಅಂತಾಗತೈತಿ. ಅದನ್ನ ನಾ ಹೆಂಗ ನುಂಗಲಿ?"

ಗಂಗಾಶ್ರೀ ತಟ್ಟೆ ಹಿಡಿದು ಅಲ್ಲೇ ಕೂತಳು. ಇಷ್ಟು ದಿನ ಕಜ್ಜಾಯ ಸರಿಬಂದರೆ ಏನೋ ಬದಲಾಗುತ್ತದೆ ಎಂದುಕೊಂಡಿದ್ದಳು. ಏನೂ ಬದಲಾಗುವುದಿಲ್ಲ. ಈ ಮನೆಯಲ್ಲಿ ಎರಡು ಒಲೆ ಇನ್ನೂ ಉರಿಯುತ್ತವೆ. ಅತ್ತೆ ಇರುವವರೆಗೂ ಉರಿಯುತ್ತವೆ.

ಆಗ ಅವಳಿಗೆ ಅಳು ಬಂತು. ಮುದುಕಿ ತಿರುಗಿ ನೋಡಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಡಬ್ಬಿ ಕಟ್ಟಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಸೊರಬಕ್ಕೆ."

ರಾಜೇಶ್ವರಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಬ್ಯಾಡ ಅಂದ್ರ ನಿಲ್ತೀಯೇನು?"

"ಗೊತ್ತಿಲ್ಲ ಅತ್ತೆ."

"ಹಂಗಾದ್ರ ಅನ್ನಂಗಿಲ್ಲ ಬಿಡು."

ಶಿರಾಳಕೊಪ್ಪ ದಾಟುವವರೆಗೂ ಇಳಿದು ಹಿಂದಿರುಗಿಬಿಡಲೇ ಎಂದು ಅನ್ನಿಸುತ್ತಲೇ ಇತ್ತು. ಸೊರಬದ ಬಸ್ ನಿಲ್ದಾಣದಲ್ಲಿ ಇಳಿದು ಫೋನ್ ಮಾಡಿದಳು. ಕಾಲು ಗಂಟೆಯಲ್ಲಿ ಅವನು ಬಂದ. ಗದ್ದೆ ಅಳೆಯುತ್ತಿದ್ದವನು ಹಾಗೇ ಬಂದಿದ್ದ, ಪ್ಯಾಂಟಿನ ಮೊಣಕಾಲವರೆಗೆ ಕೆಸರು. ಸೊರಗಿದ್ದ. ಎರಡು ಮಾರು ದೂರದಲ್ಲೇ ನಿಂತ.

"ಕೂತ್ಕೊಳ್ರಿ" ಎಂದಳು.

ಕಲ್ಲು ಬೆಂಚಿನ ಆ ತುದಿಗೆ ಕೂತ. ಅವಳು ಡಬ್ಬಿ ತೆರೆದು ನಡುವೆ ಇಟ್ಟಳು. ಅವನು ಒಂದು ಕಜ್ಜಾಯ ಮುರಿದು ಬಾಯಿಗಿಟ್ಟ. ಕಣ್ಣು ಮುಚ್ಚಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಅವ್ವಂದಕ್ಕಿಂತ ಬೆಲ್ಲ ಒಂಚೂರು ಕಮ್ಮಿ" ಎಂದ. "ಇದೇ ಚೆನ್ನಾಗಿದೆ."

"ಅತ್ತೆ ತಿನ್ನಲಿಲ್ಲ. ಇನ್ನು ಮುಂದೂ ತಿನ್ನಲ್ಲ. ಅವರನ್ನ ಬಿಟ್ಟು ನಾನು ಬರೋಕೂ ಆಗಲ್ಲ."

"ಗೊತ್ತು."

"ನಿಮ್ಮ ಜನ ಒಪ್ಪಲ್ಲ. ನಮ್ಮವರಂತೂ ಕನಸಲ್ಲೂ ಒಪ್ಪಲ್ಲ."

"ಅದೂ ಗೊತ್ತು." ಅವನು ಕೈಯಲ್ಲಿನ ಚೂರನ್ನು ನೋಡುತ್ತ ಹೇಳಿದ, "ಅವತ್ತು ನೀವು ಸಾಕು ಅಂದ್ರಿ. ಅರ್ಧದಲ್ಲೇ ನಿಲ್ಲಿಸಿದೆ."

"ಇವತ್ತು ಅನ್ನಲ್ಲ."

"ನಂಗೆ ನೀವು ಅಂದ್ರೆ ಪ್ರೀತಿ, ಗಂಗಾಶ್ರೀ ಅವ್ರೆ. ಅದರಿಂದ ಏನೂ ಸರಿಹೋಗಲ್ಲ ಅಂತ ಗೊತ್ತಿದ್ದೂ ಹೇಳ್ತಿದೀನಿ."

ಎದುರಿನ ಬಸ್ಸಿಗೆ ಯಾರೋ ಮೂಟೆ ಏರಿಸುವುದನ್ನು ಅವಳು ನೋಡಿದಳು.

"ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ" ಎಂದಳು. "ಎರಡು ವರ್ಷದಲ್ಲಿ ನನಗೆ ಬಂದ ಮೊದಲ ಸಿಟ್ಟು ಅದು. ಬಸ್ಸಲ್ಲಿ ಕೂತು ಅದನ್ನೇ ಯೋಚಿಸ್ತಿದ್ದೆ... ಬೇರೆ ಯಾರ ಮೇಲೂ ನನಗೆ ಸಿಟ್ಟು ಕೂಡ ಬರಲ್ಲ."

ಕಂಡಕ್ಟರು ಬಾಗಿಲಲ್ಲಿ ನಿಂತು ಶಿಕಾರಿಪುರ, ಶಿಕಾರಿಪುರ ಎಂದು ಕೂಗಿದ.

"ನಿಮ್ಮ ಬಸ್ಸು" ಎಂದ ತೀರ್ಥೇಶ್. ಏಳಿ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಇದು ಬಿಟ್ರೆ ಇನ್ನೊಂದಿಲ್ವಾ?"

"ಆರೂವರೆಗಿದೆ. ಅದೇ ಕೊನೇದು."

ಅವಳು ಬೆಂಚಿನ ನಡುವೆ ಇದ್ದ ಡಬ್ಬಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅಲ್ಲಿ ಈಗ ಒಬ್ಬರು ಕೂರುವಷ್ಟು ಜಾಗವಾಯಿತು.

"ಹಂಗಾದ್ರೆ ಆರೂವರೆವರೆಗೆ ಇರ್ತೀನಿ" ಎಂದಳು. "ಈ ಕಡೆ ಬನ್ನಿ. ಅಷ್ಟು ದೂರ ಕೂತ್ರೆ ಕೇಳಿಸಲ್ಲ."