ಎಣ್ಣೆ ಕುಡಿಯುವ ಹಲಗೆ

"ಮಿಕ್ಕಿದ್ದು ಏನು ಬೇಕಾದ್ರೂ ಕಿತ್ತುಹಾಕಪ್ಪ. ಎಡಗಡೆ ತಳದಲ್ಲಿರೋ ಆ ಒಂದು ಸಂದಿಗೆ ಮಾತ್ರ ಉಳಿ ಇಡಬೇಡ" ಎಂದಳು ಮುದುಕಿ.

ಹಾಯಿದೋಣಿ ಕೊಳ್ಳಲು ಬಂದಿದ್ದ ಮೆಕ್ಯಾನಿಕ್ಕು ಅದರ ಹೊಟ್ಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಟಾರ್ಚು ಬಿಟ್ಟು ನೋಡುತ್ತಿದ್ದ. ಹಳೇ ಮರದ ದೋಣಿ. ನೀರಿನಿಂದ ಮೇಲೆತ್ತಿ ದೋಣಿ ರಿಪೇರಿ ಯಾರ್ಡಿನ ಮೂಲೆಯಲ್ಲಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಎಷ್ಟು ಕಾಲವಾಗಿತ್ತೋ, ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಮುದುಕಿ ತೋರಿಸಿದ ಸಂದು ಮಾತ್ರ ಹೊಲಿಗೆ ಹಾಕಿದ ಹಾಗೆ ಬಿಗಿಯಾಗಿ, ಕರ್ರಗೆ, ಜಿಡ್ಡಾಗಿ ಹೊಳೆಯುತ್ತಿತ್ತು.

"ಯಾಕಜ್ಜಿ? ಯಜಮಾನ್ರು ಅಲ್ಲಿ ಚಿನ್ನಗಿನ್ನ ತುಂಬಿಟ್ಟಿದ್ದಾರಾ?"

"ಮಾಟ ಇದೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾವ ಕಾಲದಲ್ಲಿದ್ದೀರಜ್ಜಿ? ಹುಟ್ಟಿದಾಗಿಂದ ಲಾರಿ ಬಿಚ್ಚಿದೀನಿ. ಇಂಜಿನ್ನಿನೊಳಗೆ ಇಲಿ ಸಿಕ್ಕಿದೆ, ಹಾವು ಸಿಕ್ಕಿದೆ, ಒಂದ್ಸಲ ಯಾರದೋ ಹಲ್ಲಿನ ಸೆಟ್ಟೂ ಸಿಕ್ಕಿದೆ. ಮಾಟ ಒಂದು ಸಿಕ್ಕಿಲ್ಲ. ಸಿಕ್ಕಿದ್ರೆ ತೊಳೆದು ಗ್ರೀಸು ಹಚ್ಚಿ ನಿಮ್ಮ ಕೈಗೇ ಕೊಡ್ತೀನಿ, ಇಟ್ಕೊಳ್ಳಿ."

"ಹಿರೀರ ಹತ್ರ ಹಿಂಗಾ ಮಾತಾಡೋದು?" ಎಂದು ಹೆಂಡತಿ ಅವನ ಬೆನ್ನಿಗೆ ತಿವಿದಳು.

ಮುದುಕಿಗೆ ಸಿಟ್ಟು ಬರಲಿಲ್ಲ. ಅಂಗಡಿಯಲ್ಲಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುವವರ ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆಯನ್ನು ಸರಿ ಮಾಡಿಕೊಂಡಳು. "ದೋಣಿ ನಿನಗೇ ಕೊಡ್ತೀನಿ" ಎಂದಳು. ಅವಳದು ಒಂದೇ ಕರಾರು. ದೋಣಿ ನೀರಿಗಿಳಿಯುವವರೆಗೆ ಯಾರ್ಡಿನ ತಗಡಿನ ಶೆಡ್ಡಿನಲ್ಲಿ ಅವಳು ಇರುತ್ತಾಳೆ.

"ಇರಿ ಅಜ್ಜಿ, ಮಾಟ ಕಾಯೋಕೂ ಒಬ್ಬರು ಬೇಕಲ್ಲ" ಎಂದ ಮೆಕ್ಯಾನಿಕ್ಕು.

ಗೇಟಿನ ಕಾವಲುಗಾರ ಆಮೇಲೆ ಸಿಕ್ಕಾಗ ಹೇಳಿದ, "ನಿಮಗೆ ಹೆಂಗೆ ಕೊಟ್ಟಳು ಸಾರ್? ಬಂದೋರನ್ನೆಲ್ಲ ವಾಪಸ್ ಕಳಿಸಿದ ಮುದುಕಿ ಅದು. ಆ ಸಂದು ಮುಟ್ಟಲ್ಲ ಅಂತ ಆಣೆ ಇಟ್ಟೋರಿಗೂ ಕೊಡ್ಲಿಲ್ಲ." ಮೆಕ್ಯಾನಿಕ್ಕು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನಿಗೆ ಬಹಳ ದಿನದ ಹಟ. ಗ್ಯಾರೇಜು ಮಾರಿ, ಬಾಡಿಗೆ ಮನೆ ಖಾಲಿ ಮಾಡಿ, ಹೆಂಡತಿ ಮಗಳನ್ನು ಕರೆದುಕೊಂಡು ದಡ ಕಾಣದ ಕಡಲಿಗೆ ಹೋಗಬೇಕು, ಬಂದರಿಂದ ಬಂದರಿಗೆ ಬದುಕಬೇಕು. ಹೆಂಡತಿ ದರ್ಜಿ. ಮೊದಲು ಬೈದಳು, ಆಮೇಲೆ ಅತ್ತಳು, ಕೊನೆಗೆ ಹೊಲಿಗೆ ಮೆಷಿನ್ನನ್ನು ದೋಣಿಯೊಳಕ್ಕೆ ಹತ್ತಿಸಿ ಹಾಯಿಗಳಿಗೆ ತೇಪೆ ಹಾಕಲು ಕೂತಳು. ಮೂವರೂ ದಿಮ್ಮಿಗಳ ಮೇಲೆ ನಿಂತ ದೋಣಿಯಲ್ಲೇ ಮಲಗುತ್ತಿದ್ದರು. ಒಳಗೆ ಹಳೇ ಡೀಸೆಲ್ಲು, ಬೂಷ್ಟು ಹಿಡಿದ ಹಗ್ಗ, ಮರಗೋಂದಿನ ವಾಸನೆ. ಕಾಲು ಚಾಚಿದರೆ ಇನ್ನೊಬ್ಬರ ತಲೆ.

ಬಗ್ಗದವಳು ಮಗಳು ಒಬ್ಬಳೇ. ಹೆಸರಿಗೆ ಗುಬ್ಬಿ, ಹಟದಲ್ಲಿ ಅಪ್ಪನ ಪಡಿಯಚ್ಚು. ಮೊಣಕಾಲು ಮುಟ್ಟುವ ಜಡೆ. ದೂರದ ಊರಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು.

"ದೋಣಿ ಇಳಿದ ಮಾರನೇ ದಿನ ನಾನು ಬಸ್ಸು ಹತ್ತೋಳೇ ಅಪ್ಪ."

"ನೋಡೋಣ."

"ನೋಡೋದೇನಿಲ್ಲ. ಹತ್ತೋಳೇ."

ಅವನ ಕೈಯಲ್ಲಿದ್ದ ಸುತ್ತಿಗೆ ಹಲಗೆಗೆ ಬಡಿಯಿತು. "ಬಾಯ್ ಮುಚ್ಚು! ನಾನು ಹೇಳೋವರೆಗೂ ಈ ದೋಣಿ ಬಿಟ್ಟು ಯಾರೂ ಎಲ್ಲೂ ಹೋಗೋ ಹಾಗಿಲ್ಲ!"

ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಮುದುಕಿ ಆ ಮಾತು ಕೇಳಿ ಕತ್ತೆತ್ತಿದಳು. ತುಟಿ ಕಚ್ಚಿಕೊಂಡು ಮತ್ತೆ ತಗ್ಗಿಸಿದಳು.

ಮುದುಕಿಯ ರೀತಿಯೇ ಒಂದು ಥರ. ದೋಣಿಯ ಏಣಿಯನ್ನು ಹುಡುಗಿಯರ ಹಾಗೆ ಚಕಚಕ ಹತ್ತುತ್ತಿದ್ದಳು. ರಸ್ತೆಯಾಚೆಯ ಅಂಗಡಿಗೆ ಬನ್ನಿ ಎಂದರೆ ಮಾತ್ರ ಕಾಲು ನೋವು. ಬ್ರೆಡ್ಡು, ಹಾಲು, ಎಲ್ಲವನ್ನೂ ದರ್ಜಿಯ ಕೈಲೇ ತರಿಸುತ್ತಿದ್ದಳು. ಎಲ್ಲಕ್ಕಿಂತ ಮೊದಲು ತಲೆಗೆ ಹಚ್ಚುವ ಎಣ್ಣೆ.

"ತಲೇಲಿ ಒಂದು ಕೂದಲಿಲ್ಲ, ತಿಂಗಳಿಗೆ ಎಷ್ಟು ಸೀಸೆ! ಅಜ್ಜಿ ಕುಡೀತಾಳೇನಮ್ಮ?" ಎಂದು ಗುಬ್ಬಿ ನಗುತ್ತಿದ್ದಳು.

"ಬೋಳುತಲೆಗೆ ಎಣ್ಣೆ ಖರ್ಚು ಜಾಸ್ತಿ ಕಣೆ. ನಿಮ್ಮಪ್ಪನ್ನ ನೋಡು, ನೆತ್ತಿ ಹೆಂಗೆ ಮಿಂಚುತ್ತೆ."

ಮುದುಕಿ ಎಣ್ಣೆಯನ್ನು ತಲೆಗೆ ಹಚ್ಚುತ್ತಿರಲಿಲ್ಲ. ಸಂಜೆ ಸಂಜೆ ಸೀಸೆ ಹಿಡಿದು ದೋಣಿಯ ಕೆಳಗೆ ನುಸುಳಿ, ಆ ಸಂದಿಗೆ ಬೆರಳಲ್ಲಿ ಸವರುತ್ತಿದ್ದಳು. ಹಲಗೆ ಸದ್ದಿಲ್ಲದೆ ಹೀರುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲ ಸಂದುಗಳ ಹಳೇ ಹತ್ತಿ ಕೆದಕಿ ತೆಗೆದು, ನೀರು ಸೋರದಂತೆ ಹೊಸ ಹತ್ತಿಹುರಿ ಬಡಿದು ಡಾಂಬರು ಮೆತ್ತಿ ಆಗಿತ್ತು. ಉಳಿದದ್ದು ಅದೊಂದೇ.

"ಬಿಡಪ್ಪ, ಅದೊಂದು ಸೋರೋ ಹಾಗೆ ಕಾಣಲ್ಲ" ಎಂದಳು ಲೈಟು ಹಿಡಿದಿದ್ದ ಗುಬ್ಬಿ.

"ನಾನು ಬಿಚ್ಚಿ ನೋಡದ ನಟ್ಟೇ ದಾರೀಲಿ ನನಗೆ ಕೈ ಕೊಟ್ಟಿರೋದು. ಕಡಲ ಮಧ್ಯೆ ಬಾಯಿ ಬಿಟ್ರೆ ಮುದುಕಿ ಬಂದು ಎಣ್ಣೆ ಹಚ್ಚುತ್ತಾಳಾ?" ಎಂದು ಅವನು ಉಳಿ ಇಟ್ಟ.

ಒಂದೇ ಏಟಿಗೆ ಕರಿಯ ಮೆತ್ತು ಸಿಡಿಯಿತು. ಒಳಗಿದ್ದದ್ದು ಹತ್ತಿಯಲ್ಲ. ಕೂದಲು.

ಕೊಕ್ಕೆ ಹಾಕಿ ಎಳೆದ. ಬಂತು. ಮೊಳ ಬಂತು, ಮಾರು ಬಂತು, ಮತ್ತೂ ಬರುತ್ತಲೇ ಇತ್ತು. ಹಳತಾಗಿ ಪುಡಿಯಾಗಬೇಕಿದ್ದ ಕೂದಲು ಕಾಡಿಗೆಯಷ್ಟು ಕಪ್ಪಗೆ, ಎಣ್ಣೆಯಲ್ಲಿ ನೆನೆದು, ಆಗ ತಾನೆ ಬಿಸಿಲಿನಿಂದ ಬಂದವರ ನೆತ್ತಿಯ ಹಾಗೆ ಬೆಚ್ಚಗಿತ್ತು.

ಸದ್ದು ಕೇಳಿ ಇಣುಕಿದ ಹೆಂಡತಿ ಬಾಯಿಗೆ ಸೆರಗು ಒತ್ತಿದಳು. "ವಾಪಸ್ ತುರುಕ್ರೀ ಅದನ್ನ. ನನ್ನಾಣೆ."

"ಹತ್ತಿ ಸಿಗದೆ ಯಾವನೋ ಕೂದಲು ತುರುಕಿದ್ದಾನೆ. ಅದಕ್ಕೂ ಹೆದರ್ತೀಯಲ್ಲೇ" ಎಂದು ಅವನು ಅಷ್ಟನ್ನೂ ಬಾಚಿಕೊಂಡು ಹೋಗಿ, ಡಾಂಬರು ಕಾಯುತ್ತಿದ್ದ ಒಲೆಗೆ ಎಸೆದ.

ಸುಟ್ಟ ಕೂದಲಿನ ನಾತ ಯಾರ್ಡನ್ನೆಲ್ಲ ತುಂಬಿತು. ಆಗಲೇ ಶೆಡ್ಡಿನೊಳಗಿಂದ ಒಂದು ಸದ್ದು. ನೀರಲ್ಲಿ ಮುಳುಗಿದವರು ಮೇಲೆದ್ದು ಮೊದಲ ಸಲ ಎಳೆದುಕೊಳ್ಳುವ ಉಸಿರಿನ ಸದ್ದು.

ಹೋಗಿ ನೋಡಿದರೆ ಶೆಡ್ಡು ಖಾಲಿ. ಗೇಟಿನ ಹತ್ತಿರ ತಲೆಗೆ ಕಟ್ಟುವ ಬಟ್ಟೆ ಬಿದ್ದಿತ್ತು. "ಓಡಿಹೋದಳು ಸಾರ್. ನಗ್ತಾ ಓಡಿದಳು" ಎಂದ ಕಾವಲುಗಾರ.

ಆ ಸಂದಿಗೆ ಹೊಸ ಹತ್ತಿ ಬಡಿದು, ಮೆತ್ತಿ, ಬಣ್ಣ ಬಳಿದದ್ದಾಯಿತು. ಮೆತ್ತು ಒಣಗಿದ ಮೇಲೆ ಒಂದು ಬೆಳಿಗ್ಗೆ ಕ್ರೇನು ದೋಣಿಯನ್ನು ನೀರಿಗಿಳಿಸಿತು. ಗುಬ್ಬಿಯ ಪೆಟ್ಟಿಗೆ ಕಟ್ಟಿ ಸಿದ್ಧವಾಗಿತ್ತು.

ಒಣಗಿದ ಮರದ ದೋಣಿ ಮೊದಲ ದಿನ ಸೋರುವುದು ಸಹಜ. ನೀರು ಕುಡಿದು ಹಲಗೆಗಳು ಉಬ್ಬುತ್ತವೆ, ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಮೆಕ್ಯಾನಿಕ್ಕು ಪಂಪಿನ ಹತ್ತಿರ ಕೂತ. ಹೆಂಡತಿ ಮೇಲೆ ಹಗ್ಗ ಹಿಡಿದಿದ್ದಳು. ಗುಬ್ಬಿ ಮುಂದಿನ ಪುಟ್ಟ ಕ್ಯಾಬಿನ್ನಿಗೆ ಹೋಗಿ, ನೆಲದ ಹಲಗೆ ಎತ್ತಿ, ಲೈಟು ಹಿಡಿದು ತಳ ನೋಡುತ್ತಿದ್ದಳು.

"ಎಲ್ಲಾ ನಿಲ್ತಾ ಇದೆ ಅಪ್ಪಾ. ಎಡಗಡೆದು ಒಂದೇ ಜಾಸ್ತಿ ಆಗ್ತಿದೆ."

"ಉಬ್ಬುತ್ತೆ, ಇರು."

"ಹತ್ತೀನ ಹೊರಗೆ ಉಗೀತಾ ಇದೆ ಅಪ್ಪಾ. ತುರುಕಿದಷ್ಟೂ ಉಗೀತಾ ಇದೆ."

ಅವನು ಎದ್ದ. ಅಷ್ಟರಲ್ಲಿ ನಡುವಿನ ಬಾಗಿಲು ತಾನಾಗಿ ಮುಚ್ಚಿತು. ತಳ್ಳಿದ. ಅಲುಗಲಿಲ್ಲ. ಒಣಗಿದ್ದ ಬಾಗಿಲು ಅವನ ಕಣ್ಣೆದುರೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಮರ ನರಳಿತು.

"ಗುಬ್ಬಿ, ಮೇಲಿನ ಮುಚ್ಚಳ ತೆಗಿ!"

"ಬರ್ತಿಲ್ಲ! ಅದೂ ಕಚ್ಕೊಂಡಿದೆ!"

ಮೇಲಿಂದ ಹೆಂಡತಿ ಮುಚ್ಚಳ ಎಳೆಯುವ ಸದ್ದು, ಉಗುರು ಕೆರೆಯುವ ಸದ್ದು. ಅವನು ಕೊಡಲಿ ತಂದು ಬೀಸಿದ. ಕೊಡಲಿ ರಬ್ಬರಿಗೆ ಬಡಿದ ಹಾಗೆ ಹಿಂದಕ್ಕೆ ಚಿಮ್ಮಿತು. ಮತ್ತೆ ಬೀಸಿದ. ಒಂದು ಗೀರೂ ಬೀಳಲಿಲ್ಲ. ಬಾಗಿಲಿನ ಕೆಳಗಿಂದ ನೀರು ಬಂತು. ನೀರಿನ ಜೊತೆ ವಾಸನೆ ಬಂತು. ತಲೆಗೆಣ್ಣೆಯ ವಾಸನೆ. ಸುಟ್ಟ ಕೂದಲಿನ ವಾಸನೆ.

"ಅಪ್ಪಾ, ಲೈಟು ಹೋಯ್ತು."

"ಹೆದರಬೇಡ. ಬಂದೆ. ಬಂದೆ ಮಗಳೇ."

"ಸೊಂಟದವರೆಗೆ ಬಂತು." ಹಲ್ಲು ಕಟಕಟಿಸುತ್ತಿದ್ದವು. "ಯಾರೋ ಉಸಿರಾಡ್ತಾ ಇದ್ದಾರೆ ಇಲ್ಲಿ."

ಕೊಡಲಿ. ಮತ್ತೆ ಕೊಡಲಿ. ಅಂಗೈ ಒಡೆದು ರಕ್ತ ಬಂತು.

"ಅಪ್ಪಾ! ಜಡೆ! ಜಡೆ ಎಳೀತಿದೆ!"

"ಯಾರು?"

"ಹಲಗೆ!"

ಆಮೇಲೆ ನೀರು ಕುಡಿದ ಗಂಟಲಿನ ಗೊಳಗೊಳ. ಹಲಗೆಗೆ ತಲೆ ಬಡಿದ ಸದ್ದು. ಮತ್ತೊಮ್ಮೆ. ಅವನು ಬಾಗಿಲಿಗೆ ಬಾಯಿಟ್ಟು ಕಿರುಚಿದ. "ಕತ್ತರಿಸು! ಅಮ್ಮನ ಕತ್ತರಿ ಹಾಸಿಗೆ ಮೇಲಿದೆ! ಕತ್ತರಿಸು ಗುಬ್ಬಿ! ಕೊಟ್ಟುಬಿಡು ಅದಕ್ಕೆ!"

ಕಚಕ್.

ಸೊರ್ ಎಂದು ಏನನ್ನೋ ಉದ್ದಕ್ಕೆ ಹೀರಿಕೊಂಡ ಸದ್ದು. ನೀರಿನ ಸದ್ದು ನಿಂತಿತ್ತು. ಬಾಗಿಲು ಮೆಲ್ಲಗೆ, ಅತಿಥಿಗೆ ತೆರೆದ ಹಾಗೆ, ತೆರೆದುಕೊಂಡಿತು.

ಗುಬ್ಬಿ ಬದುಕಿದ್ದಳು. ತೊಯ್ದು ತೊಪ್ಪೆಯಾಗಿ ಮೂಲೆಯಲ್ಲಿ ಕತ್ತರಿ ಹಿಡಿದು ಕೂತಿದ್ದಳು. ಹೆಂಡತಿ ಬಾಚಿ ತಬ್ಬಿಕೊಂಡು ತಲೆ ಸವರಿದಳು. ಉಳಿದಿದ್ದ ಕೂದಲೂ ಹಿಡಿಹಿಡಿಯಾಗಿ ಅವಳ ಕೈಗೆ ಬಂತು. ತಳದ ಸಂದು ಹೊಲಿಗೆ ಹಾಕಿದ ಹಾಗೆ ಬಿಗಿಯಾಗಿ, ಕರ್ರಗೆ ಹೊಳೆಯುತ್ತಿತ್ತು.

"ಬಸ್ಸು ಹತ್ತಿಸ್ತೀನಿ. ಈಗಲೇ. ನಡಿ" ಎಂದ ಮೆಕ್ಯಾನಿಕ್ಕು. ಪೆಟ್ಟಿಗೆ ತಾನೇ ಹೊತ್ತ.

ಗೇಟು ದಾಟಿ ಒಂದು ಹೆಜ್ಜೆ ಇಟ್ಟಳು ಗುಬ್ಬಿ. ಗಂಟಲು ಹಿಡಿದುಕೊಂಡು ಬಗ್ಗಿದಳು. ಬಾಯಿಂದ, ಮೂಗಿಂದ ನೀರು ಸುರಿಯಿತು. ಉಪ್ಪುನೀರು. ಮುಖ ನೀಲಿಗಟ್ಟಿತು. ಅಪ್ಪ ಎತ್ತಿಕೊಂಡು ಒಳಕ್ಕೆ ಬಂದ ಕೂಡಲೇ ಉಸಿರು ಬಂತು.

ರಸ್ತೆಯಾಚೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಯಾರ್ಡಿನ ಕಡೆಗೇ ನೋಡುತ್ತಾ ಮುದುಕಿ ಕೂತಿದ್ದಳು. ಬೋಳಾಗಿದ್ದ ತಲೆಯಲ್ಲಿ ಹಸುಗೂಸಿನದಂಥ ಕೂದಲು ಚಿಗುರಿತ್ತು. ಅವನು ರಸ್ತೆ ದಾಟಿ ಓಡಿಹೋಗಿ ಅವಳ ಭುಜ ಹಿಡಿದು ಅಲುಗಾಡಿಸಿದ.

"ಏನು ಮಾಡಿದೆ ಮುದುಕಿ ನನ್ನ ಮಗಳಿಗೆ!"

"ನಾನು ಬೇಡ ಅಂದಿದ್ದೆ" ಎಂದಳು. ಆಮೇಲೆ ಅವನ ಕಣ್ಣು ತಪ್ಪಿಸಿದಳು. "ನಾನು ಬಿಟ್ಟು ಹೋಗ್ತೀನಿ ಅಂತ ನನ್ನ ಗಂಡ ಮಾಟ ಮಾಡಿಸಿದ. ಮಲಗಿದ್ದಾಗ ಜಡೆ ಕೊಯ್ದು ಆ ಸಂದಿಗೆ ತುರುಕಿಸಿದ. ಅವನು ಸತ್ತ, ಮಾಟ ಸಾಯಲಿಲ್ಲ. ಗೊತ್ತಿದ್ದವರು ಉಳಿ ಇಟ್ಟರೆ ಜಡೆಯೋಳ ಪ್ರಾಣ ಹೋಗುತ್ತೆ. ನಂಬದವನ ಕೈ ಬೇಕು. ಬೇಡ ಅಂದ ಮೇಲೂ ಇಡೋ ಕೈ. ಬಂದೋರೆಲ್ಲ ಒಳ್ಳೇರು, ಮುಟ್ಟಲ್ಲ ಅಂದರು. ನೀನು ನಕ್ಕೆ."

"ಈಗ ನಾನೇ ಬಿಚ್ಚುತ್ತೀನಿ..."

"ಈಗ ನೀನು ನಂಬಿದ್ದೀಯಲ್ಲಪ್ಪ."

ಬಸ್ಸು ಬಂತು. ಹತ್ತುವಾಗ ಮುದುಕಿ ಹಿಂತಿರುಗಿದಳು. "ಖಾಲಿಯಾದ ಸಂದು ಇನ್ನೊಬ್ಬರ ಜಡೆ ಹಿಡಿದೇ ಹಿಡಿಯುತ್ತೆ. ನಿನ್ನ ಹೆಂಡತಿದು ಅಂದ್ಕೊಂಡಿದ್ದೆ. ಆ ಕೂಸಿಂದು ಅಂತ ಗೊತ್ತಿರಲಿಲ್ಲ. ಎಣ್ಣೆ ತಪ್ಪಿಸಬೇಡ. ತಲೆ ಸಿಡಿಯುತ್ತೆ ಅವಳಿಗೆ."

ಅವರು ಕಡಲಿಗೆ ಹೋದರು. ಬೇರೆ ದಾರಿ ಇರಲಿಲ್ಲ. ಅವನು ಬಯಸಿದ್ದ ಬಂದರುಗಳೆಲ್ಲ ಒಂದೊಂದಾಗಿ ಬಂದವು. ಪ್ರತಿ ಬಂದರಿನಲ್ಲೂ ಗುಬ್ಬಿ ಕಟ್ಟೆಯ ಕೊನೆಯವರೆಗೆ ನಡೆದು, ಗಂಟಲು ಬಿಗಿದ ಕಡೆ ನಿಂತು, ಊರನ್ನು ನೋಡಿ ವಾಪಸ್ ಬರುತ್ತಿದ್ದಳು. ಪ್ರತಿ ಬಂದರಿನಲ್ಲೂ ಮೆಕ್ಯಾನಿಕ್ಕು 'ದೋಣಿ ಮಾರಾಟಕ್ಕಿದೆ' ಎಂಬ ಬೋರ್ಡು ತೂಗುಹಾಕಿ, ಬಂದವರಿಗೆ ಆ ಸಂದು ಮುಟ್ಟಬೇಡಿ ಎನ್ನುತ್ತಿದ್ದ. ಎಲ್ಲರೂ ಆಗಲಿ ಎನ್ನುತ್ತಿದ್ದರು. ಹಾಳಾದ ಲೋಕದ ತುಂಬ ಮರ್ಯಾದಸ್ಥರೇ ಇದ್ದರು.

ಕೊನೆಗೆ ಒಬ್ಬ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಮೆಕ್ಯಾನಿಕ್ಕು ಏದುಸಿರು ಬಿಡುತ್ತಾ ಕ್ಯಾಬಿನ್ನಿಗೆ ಇಳಿದ. "ಸಿಕ್ಕಿದ ಕಣೇ! ಸಿಕ್ಕಿದ! ನನ್ನಂಥೋನೇ!"

ಗುಬ್ಬಿ ಕಿಟಕಿಯಿಂದ ನೋಡುತ್ತಿದ್ದಳು. ಕಟ್ಟೆಯ ಮೇಲೆ ನಗುತ್ತಿದ್ದವನ ಬೆರಳು ಹಿಡಿದು, ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಕುಣಿಯುತ್ತಿದ್ದಳು.

"ಬೋರ್ಡು ತೆಗಿ ಅಪ್ಪ."

"ಗುಬ್ಬಿ..."

"ತೆಗಿ ಅಂದೆ."

ಅವನು ಮಗಳ ಕಾಲು ಹಿಡಿದ. ಅತ್ತ. ಹೆಂಡತಿಯ ಕಡೆ ನೋಡಿದ. ಅವಳು ಹಾಯಿಯ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ಮೇಲೆ ಹೋಗಿ ಬೋರ್ಡನ್ನು ಕಿತ್ತು ನೀರಿಗೆಸೆದ.

ಸಂಜೆ ನೆಲದ ಹಲಗೆ ಎತ್ತಿ, ಎಣ್ಣೆಸೀಸೆ, ಬಾಚಣಿಗೆ ಹಿಡಿದು, ಕತ್ತಲ ತಳಕ್ಕೆ ಬೋರಲು ಮಲಗಿದ. ದಿನವೂ ಅಷ್ಟಷ್ಟು ಬೆಳೆದು, ಸಂದಿನಿಂದ ಹೊರಗೆ ಇಳಿಬಿದ್ದಿತ್ತು ಮಗಳ ಕೂದಲು. ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ಸವರಿದ. ಬೆಚ್ಚಗಿತ್ತು. ಎಲ್ಲೋ ಒಂದು ಸಿಕ್ಕಿಗೆ ಬಾಚಣಿಗೆ ತಗುಲಿತು.

ಮೇಲಿನ ಹಾಸಿಗೆಯಿಂದ ಗುಬ್ಬಿ ಅಂದಳು, "ಮೆಲ್ಲಗೆ ಅಪ್ಪಾ. ನೋಯುತ್ತೆ."