ನಡುವಿನ ಹಳದಿ ಸೀಟು

ನಂಕ್ಯಾ ಸೀಟಿನ ಮೇಲೆ ಹತ್ತಿ ಕೂತು ಜೋರಾಗಿ ಕುಪ್ಪಳಿಸಿದಳು. ಸೀಟು ಇನ್ನೂ ಬೈಕಿಗೆ ಏರಿರಲಿಲ್ಲ. ಕಬುಯೆ ಅದನ್ನು ತನ್ನ ಅಂಗಡಿಯ ಮುಂದಿನ ಬೆಂಚಿಗೆ ಹಗ್ಗ ಹಾಕಿ ಕಟ್ಟಿದ್ದ.

“ಹೆಂಗಿದೆ?” ಎಂದು ಕೇಳಿದ ಕಬುಯೆ.

“ಸೂಪರ್. ಹಾಸಿಗೆ ಥರ ಇದೆ.”

“ಹಂಗಾದ್ರೆ ಬೇಡ,” ಎಂದ ಅಪ್ಪ. “ಅಂಗಡೀಲಿ ಹಾಸಿಗೆ, ಮಧ್ಯಾಹ್ನದ ಹೊತ್ತಿಗೆ ಹಲಗೆ. ಸ್ವಲ್ಪ ಗಟ್ಟಿ ಸ್ಪಂಜು ತೋರ್ಸು.”

ನಂಕ್ಯಾಳ ಅಪ್ಪ ಮುಬಿರು ಮಸಾಕಾ ಪೇಟೆಯಲ್ಲಿ ಬೋಡಾ ಓಡಿಸುತ್ತಿದ್ದ. ಬೋಡಾ ಅಂದರೆ ಬಾಡಿಗೆ ಬೈಕು. ಅವನ ಹಳೆಯ ಸೀಟಿನ ಸ್ಪಂಜು ಸೋತು ಸುಣ್ಣವಾಗಿತ್ತು. ಅದರ ಮೇಲೆ ಕೂತು ಬಂದವರು ಇಳಿದ ಮೇಲೆ ಸೊಂಟ ಉಜ್ಜಿಕೊಂಡೇ ದುಡ್ಡು ಕೊಡುತ್ತಿದ್ದರು. ಆದರೂ ಅವನ ಬೈಕನ್ನೇ ಹುಡುಕಿಕೊಂಡು ಬರುವವರಿದ್ದರು, ಯಾಕೆಂದರೆ ಅವನು ನಿಧಾನ. ಬೈಕು ನಿಲ್ದಾಣದಲ್ಲಿ ನಿಲ್ಲುವ ಉಳಿದ ಬೋಡಾದವರೆಲ್ಲ ಅವನನ್ನು ಆಮೆ ಎಂದೇ ಕರೆಯುತ್ತಿದ್ದರು. ಅಪ್ಪ ಅದಕ್ಕೂ ನಗುತ್ತಿದ್ದ.

ಸೀಟಿನ ವಿಷಯದಲ್ಲಿ ಅಪ್ಪನ ಚಿಂತೆ ಒಂದಾದರೆ ನಂಕ್ಯಾಳ ಚಿಂತೆಯೇ ಬೇರೆ. ಬರುವ ಶನಿವಾರ ಅವಳ ಸ್ಕೂಲ್ ಡೇ. ಅವಳು ಬಾಕಿಸಿಂಬಾ ಕುಣಿಯುವವಳಿದ್ದಳು. ಸೊಂಟ ಹೇಗೆ ತಿರುಗಬೇಕು, ಭುಜ ಹೇಗೆ ಅಲ್ಲಾಡದೆ ನಿಲ್ಲಬೇಕು ಎಂದು ಹೇಳಿಕೊಟ್ಟವಳು ಅಮ್ಮನ ಅಮ್ಮ. ಹೇಳಿಕೊಟ್ಟ ಅಜ್ಜಿಯೇ ನೋಡಲು ಬರದಿದ್ದರೆ ಕುಣಿದೇನು ಪ್ರಯೋಜನ?

ಅಜ್ಜಿಯ ಮನೆ ಗುಡ್ಡದ ಬುಡದಲ್ಲಿ, ಸ್ಕೂಲು ಗುಡ್ಡದ ನೆತ್ತಿಯಲ್ಲಿ. ನಡೆಯೋಣವೆಂದರೆ ಅಜ್ಜಿಯ ಮಂಡಿ ಒಪ್ಪುವುದಿಲ್ಲ. ಆ ದಾರಿಯನ್ನು ಕಾರು ಹತ್ತುವುದಿಲ್ಲ. ಒಮ್ಮೆ ಯಾವನೋ ಬಿಸಿರಕ್ತದವನ ಬೋಡಾ ಹತ್ತಿದ್ದಳು. ಅವನು ತಿರುವಿನಲ್ಲಿ ತಿರುಗಿದ, ಅಜ್ಜಿ ತಿರುಗಲಿಲ್ಲ. ಬಾಳೆಗೊನೆಗಳ ರಾಶಿಯ ಮೇಲೆ ಬಿದ್ದಳು. ಅಂದಿನಿಂದ ಅವಳದು ಒಂದೇ ಮಾತು: ಹತ್ತಿದರೆ ಮುಬಿರುವಿನ ಬೈಕು, ಇಲ್ಲವೆಂದರೆ ಇಲ್ಲ.

ಆದರೆ ಮುಬಿರು ಅವಳ ಅಳಿಯ. ಅಲ್ಲಿನ ಪದ್ಧತಿಯಂತೆ ಅತ್ತೆ ಅಳಿಯ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ, ಒಂದೇ ಚಾಪೆಯ ಮೇಲೆ ಕೂರುವಂತಿಲ್ಲ. ಮುಟ್ಟಿದರೆ ಕೈ ನಡುಗುವ ಕಾಯಿಲೆ ಬರುತ್ತದೆ ಎಂದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹೀಗಿರುವಾಗ ಒಂದೇ ಬೈಕಿನಲ್ಲಿ ಬೆನ್ನಿಗೆ ಆತುಕೊಂಡು ಹೋಗುವುದು ಎಲ್ಲಿಂದ ಬಂತು?

“ಕಬುಯೆ ಮಾಮಾ, ಅಪ್ಪಾನೂ ಅಜ್ಜೀನೂ ಮುಟ್ಕೊಳ್ಳದೆ ಕೂರೋ ಸೀಟಿದ್ಯಾ?” ಎಂದು ಕೇಳಿದಳು ನಂಕ್ಯಾ.

ಕಬುಯೆ ಮೊದಲು ನಕ್ಕ. ಆಮೇಲೆ ತನಗೂ ಒಬ್ಬ ಅತ್ತೆ ಇರುವುದು ನೆನಪಾಗಿ ನಗು ನಿಲ್ಲಿಸಿದ. ಒಳಗೆ ಹೋಗಿ ಗೋಡೆಗೆ ನೇತುಹಾಕಿದ್ದ ಸೀಟುಗಳನ್ನೆಲ್ಲ ಸರಿಸಿ, ಒಂದು ಜೋಡಿಯನ್ನು ಹೊತ್ತುತಂದ. ಓಡಿಸುವವನಿಗೆ ಒಂದು ತುಂಡು, ಹಿಂದೆ ಕೂರುವವರಿಗೆ ಇನ್ನೊಂದು ತುಂಡು, ನಡುವೆ ಒಂದು ಗೇಣು ಬಯಲು. ಇಡೀ ಮಸಾಕಾದಲ್ಲಿ ಇಂಥದ್ದು ತನ್ನಲ್ಲಿ ಬಿಟ್ಟರೆ ಇಲ್ಲ ಎಂದು ಕೊಚ್ಚಿಕೊಂಡ. ಓಡಿಸಿ ನೋಡಿ ಆಮೇಲೆ ಹೇಳಿ ಎಂದು ಅಲ್ಲೇ ಬೈಕಿಗೆ ಕೂರಿಸಿಕೊಟ್ಟ.

ನಂಕ್ಯಾ ಎಂದಿನಂತೆ ಮುಂದೆ, ಟ್ಯಾಂಕಿನ ಮೇಲೆ ಹತ್ತಿದಳು. ಅದು ಅವಳ ಜಾಗ. ಅಲ್ಲಿ ಕೂತರೆ ಗಾಳಿ ಮೊದಲು ಅವಳಿಗೇ ಬಡಿಯುತ್ತದೆ, ಹಾರ್ನು ಒತ್ತುವ ಕೆಲಸವೂ ಅವಳದೇ. ಅವಳ ತಲೆ ಅಡ್ಡ ಬಂದು ದಾರಿ ಕಾಣುವುದಿಲ್ಲ ಎಂದು ಅಪ್ಪ ಈಚೆಗೆ ಗೊಣಗುತ್ತಿದ್ದ. ಅವಳು ಕೇಳಿಸದವಳಂತೆ ಇದ್ದಳು.

ಇಬ್ಬರೂ ನೇರ ಅಜ್ಜಿಯ ಮನೆಗೆ ಹೋದರು. ಅಪ್ಪ ಅಂಗಳದಾಚೆಯ ಹಲಸಿನ ಮರದ ಕೆಳಗೆ ನಿಂತು, ಮುಖ ಬೇರೆ ಕಡೆ ತಿರುಗಿಸಿ ಕುಶಲ ಕೇಳಿದ. ಅಜ್ಜಿ ಬಾಗಿಲ ಒಳಗೆ ಚಾಪೆಯ ಮೇಲೆ ಕೂತು, ಅವಳೂ ಬೇರೆ ಕಡೆ ನೋಡುತ್ತ ಉತ್ತರ ಕೊಟ್ಟಳು. ಅತಿ ಮರ್ಯಾದೆ ಇದ್ದಲ್ಲಿ ಮಾತಿಗೆ ದಾರಿ ಸಲೀಸಾಗಿರುವುದಿಲ್ಲ. ನಡುವೆ ಅಂಗಳದಲ್ಲಿ ನಂಕ್ಯಾ ನಿಂತಳು.

“ಸೀಟು ಒಂದೋ ಎರಡೋ ಅಂತ ನಿಮ್ಮಪ್ಪನ್ನ ಕೇಳು,” ಎಂದಳು ಅಜ್ಜಿ.

“ಎರಡು ಅಂತ ಹೇಳು,” ಎಂದ ಅಪ್ಪ.

“ಬ್ರೇಕ್ ಹಾಕಿದ್ರೆ ನಾನು ಜಾರಲ್ವಾ ಅಂತ ಕೇಳು.”

ಅಪ್ಪ ತಲೆ ಕೆರೆದುಕೊಂಡ. ನಂಕ್ಯಾಳಿಗೆ ಸಾಕಾಗಿಹೋಯಿತು. “ಇಬ್ರಿಗೂ ಕಿವಿ ಕೇಳ್ಸುತ್ತೆ ತಾನೆ? ನಾನೇನು ಪೋಸ್ಟ್ ಆಫೀಸಾ?” ಎಂದಳು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮರದ ಕೆಳಗೆ ಅಪ್ಪನೂ ನಗುತ್ತಿದ್ದ, ಆದರೆ ಮರದ ಕಡೆಗೆ ತಿರುಗಿ.

ಕೊನೆಗೆ ಅಜ್ಜಿ ತೀರ್ಪು ಕೊಟ್ಟಳು. ಮೊದಲು ಬೇರೆ ಯಾರನ್ನಾದರೂ ಕೂರಿಸಿಕೊಂಡು ಇಳಿಜಾರಿನಲ್ಲಿ ಬ್ರೇಕು ಹಾಕಿ ನೋಡಲಿ, ಮೈಗೆ ಮೈ ತಾಗದಿದ್ದರೆ ತಾನು ಬರುತ್ತೇನೆ ಎಂದಳು.

ಬೇರೆ ಯಾರಾದರೂ ಅಂದರೆ ಮತ್ಯಾರು, ನಂಕ್ಯಾಳೇ. ಮರುದಿನ ಸ್ಕೂಲು ಬಿಟ್ಟ ಮೇಲೆ ಅವಳು ಕಬುಯೆಯ ಅಂಗಡಿಯ ಪರದೆ ಬಿಚ್ಚಿ, ಅಜ್ಜಿಯ ಉದ್ದನೆಯ ಗೊಮೆಸಿ ಉಡುಪಿನಂತೆ ಮೈಗೆ ಸುತ್ತಿಕೊಂಡಳು. ಅಜ್ಜಿಯಂತೆಯೇ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಹಿಂದಿನ ತುಂಡಿನ ಮೇಲೆ ಕೂತಳು. “ಅಯ್ಯೋ ನನ್ನ ಮಂಡಿ,” ಎಂದು ಅಜ್ಜಿಯ ದನಿಯಲ್ಲೇ ಒಮ್ಮೆ ನರಳಿದಳು. ಕಬುಯೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಬೈಕು ಇಳಿಜಾರಿಗೆ ಬಂತು. ನಂಕ್ಯಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಅಪ್ಪನ ಅಂಗಿಗೆ ಬೆರಳೂ ತಾಗಿರಲಿಲ್ಲ. ಅಷ್ಟರಲ್ಲಿ ಒಂದು ಮೇಕೆ ರಸ್ತೆಗೆ ಬಂದು, ದಾಟುವುದೋ ಬೇಡವೋ ಎಂದು ಯೋಚಿಸುತ್ತ ನಡುವೆಯೇ ನಿಂತಿತು. ಅಪ್ಪ ಬ್ರೇಕು ಒತ್ತಿದ. ನುಣ್ಣನೆಯ ರೆಕ್ಸಿನ್ ಮೇಲೆ ನಂಕ್ಯಾ ಸರ್ರನೆ ಜಾರಿ, ಗೇಣುದ್ದದ ಬಯಲನ್ನೂ ದಾಟಿ, ಅಪ್ಪನ ಬೆನ್ನಿಗೆ ಧಡ್ ಎಂದು ಬಡಿದಳು.

ಅಪ್ಪ ತನ್ನ ಎರಡೂ ಕೈಗಳನ್ನು ಎತ್ತಿ ನೋಡಿಕೊಂಡ.

“ಇದು ನಿಮ್ಮಜ್ಜಿ ಆಗಿದ್ರೆ?” ಎಂದ. “ಕೈ ನಡುಗೋನು ಕ್ಲಚ್ ಹೆಂಗಮ್ಮ ಹಿಡಿಯೋದು? ಬೇಡ, ಬಿಟ್ಬಿಡೋಣ.”

ಮೇಕೆ ದಾಟದೆ ವಾಪಸು ಹೋಯಿತು. ನಂಕ್ಯಾ ಪರದೆಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಅಪ್ಪನ ಮುಖವೂ ಬಾಡಿತ್ತು. ಅಜ್ಜಿ ಬರಲಿ ಎಂದು ಅವನಿಗೂ ಆಸೆ ಇತ್ತು, ಹೇಳಿಕೊಂಡಿರಲಿಲ್ಲ ಅಷ್ಟೆ.

ಅಂದು ಸಂಜೆ ಅವಳು ಅಪ್ಪನ ಜೊತೆ ಅಜ್ಜಿಯ ಮನೆಗೆ, ಅಮ್ಮ ಬಾಳೆಕಾಯಿ ಬೇಯಿಸಿ ಮಾಡಿದ ಮಟೋಕೆಯ ಬುತ್ತಿ ಕೊಡಲು ಹೋದಳು. ಅಪ್ಪ ಮತ್ತೆ ಹಲಸಿನ ಮರದ ಕೆಳಗೆ, ಅಜ್ಜಿ ಮತ್ತೆ ಬಾಗಿಲೊಳಗೆ. ಜಾರಿದ ಸುದ್ದಿಯನ್ನು ಅತ್ತ ಹೇಳಿ, ಅಜ್ಜಿಯ ನಿಟ್ಟುಸಿರನ್ನು ಇತ್ತ ತಂದು, ಬುತ್ತಿಯನ್ನು ಅಪ್ಪನ ಕೈಯಿಂದ ಅಜ್ಜಿಯ ಕೈಗೆ ದಾಟಿಸುತ್ತಿದ್ದವಳು ಅಂಗಳದ ನಡುವೆ ಥಟ್ಟನೆ ನಿಂತಳು. ಮುಂದೆ ಅಜ್ಜಿ, ಹಿಂದೆ ಅಪ್ಪ. ಬುತ್ತಿ ಬಿಸಿಯಾಗಿತ್ತು, ಆದರೂ ಅವಳು ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದಳು.

“ಏನಾಯ್ತೇ? ಕಾಲಿಗೆ ಬೇರು ಬಂತಾ?” ಎಂದಳು ಅಜ್ಜಿ.

“ಅಪ್ಪಾ, ಬೇಗ ಬಾ. ಕಬುಯೆ ಮಾಮ ಅಂಗಡಿ ಮುಚ್ಬಿಡ್ತಾನೆ.”

ಎರಡು ತುಂಡಿನ ಸೀಟು ಬೇಡ, ಉದ್ದನೆಯ ಒಂದೇ ಸೀಟು ಬೇಕು ಎಂದಳು ಕಬುಯೆಗೆ. ಆದರೆ ಅದಕ್ಕೆ ಅಡ್ಡಲಾಗಿ ಎರಡು ಹೊಲಿಗೆ ಬೀಳಬೇಕು, ಮೂರು ಬಣ್ಣ ಇರಬೇಕು. ಮುಂದಿನದು ಅಪ್ಪನದು. ಹಿಂದಿನದು ಅಜ್ಜಿಯದು.

“ನಡುವಿಂದು ಯಾರ್ದು?” ಎಂದ ಕಬುಯೆ.

“ನಂದು. ನಾನು ಜಾರಿ ಅಪ್ಪನಿಗೆ ಬಡಿದ್ರೆ ಏನೂ ಆಗಲ್ಲ. ಅಜ್ಜಿ ಜಾರಿ ನನಗೆ ಬಡಿದ್ರೂ ಏನೂ ಆಗಲ್ಲ.”

ಕಬುಯೆ ಬಾಯಲ್ಲಿದ್ದ ಸೂಜಿಯನ್ನು ತೆಗೆದು ಅಪ್ಪನ ಮುಖ ನೋಡಿದ. ಅಪ್ಪ ಮಗಳ ಮುಖ ನೋಡಿದ. ಹಾಗಾದರೆ ಟ್ಯಾಂಕಿನ ಮೇಲೆ ಯಾರು ಕೂರುವುದು, ಹಾರ್ನು ಯಾರು ಒತ್ತುವುದು ಎಂದು ಮೆಲ್ಲಗೆ ಕೇಳಿದ. ನಂಕ್ಯಾಳಿಗೆ ಅದು ಹೊಳೆದಿರಲಿಲ್ಲ. ಬೈಕಿನ ಹತ್ತಿರ ಹೋಗಿ ಹಾರ್ನನ್ನು ಕೊನೆಯ ಸಲ ಎಂಬಂತೆ ಒತ್ತಿದಳು.

“ಹಾರ್ನ್ ನೀನೇ ಒತ್ಕೋ,” ಎಂದಳು.

ಗಟ್ಟಿ ಸ್ಪಂಜನ್ನೇ ಹಾಕಿದ ಕಬುಯೆ. ಅಪ್ಪನ ಜಾಗಕ್ಕೆ ಕಪ್ಪು ಬಟ್ಟೆ, ಹಿಂದೆ ನೀಲಿ, ನಡುವೆ ಪಪ್ಪಾಯಿಯಂಥ ಹಳದಿ. ಹೊಳೆಯುವ ರೆಕ್ಸಿನ್ ಹಾಕುತ್ತೇನೆ, ನೋಡಿದವರ ಕಣ್ಣು ಕುಕ್ಕುತ್ತದೆ ಎಂದು ಅವನು ಬಹಳ ಆಸೆಪಟ್ಟ. ಕಣ್ಣು ಕುಕ್ಕುವುದು ಬೇಡ, ಕೂತವರು ಜಾರದಿದ್ದರೆ ಸಾಕು ಎಂದು ಅಪ್ಪ ತರಿತರಿಯಾದ ಬಟ್ಟೆಯನ್ನೇ ಆರಿಸಿದ. ಹಿಂಬದಿಗೆ ಹಿಡಿದುಕೊಳ್ಳಲು ಒಂದು ಕಂಬಿಯೂ ಬಂತು.

ಶುಕ್ರವಾರ ಸಂಜೆ ಅಜ್ಜಿ ಸೀಟಿನ ಪರೀಕ್ಷೆ ನಡೆಸಿದಳು. ಅಪ್ಪ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ದೂರ ಹೋಗಿ ನಿಂತ. ಅಜ್ಜಿ ಕಪ್ಪನ್ನು ಮುಟ್ಟಲೂ ಇಲ್ಲ. ಹಳದಿಯನ್ನು ಹೆಬ್ಬೆರಳಿಂದ ಒತ್ತಿದಳು, ನೀಲಿಯ ಮೇಲೆ ಕೂತಳು, ಅಕ್ಕಪಕ್ಕಕ್ಕೆ ಹೊರಳಿದಳು. ಸೊಂಟ ತಿರುಗಿಸುವುದನ್ನು ಊರಿಗೇ ಕಲಿಸಿದವಳು ಅವಳು, ಸೀಟಿನ ಗುಣ ಅವಳಿಗಿಂತ ಚೆನ್ನಾಗಿ ಯಾರು ಹೇಳಬೇಕು?

“ಹೊಲಿಗೆ ಹಾಕಿದ ಮೇಲೆ ಇದು ಒಂದು ಸೀಟಲ್ಲ, ಮೂರು,” ಎಂದಳು ಕೊನೆಗೆ. “ನಾಳೆ ಬೇಗ ಬರೋಕೆ ಹೇಳು ನಿಮ್ಮಪ್ಪನಿಗೆ.”

ಶನಿವಾರ ಬೆಳಿಗ್ಗೆ ಅಜ್ಜಿ ನೇರಳೆ ಬಣ್ಣದ ಗೊಮೆಸಿ ಉಟ್ಟು, ನಡುಪಟ್ಟಿ ಬಿಗಿದು ಸಿದ್ಧವಾಗಿದ್ದಳು. ಅಪ್ಪ ಮೊದಲು ಕೂತ. ಆಮೇಲೆ ನಂಕ್ಯಾ ಅವನ ಬೆನ್ನಿಗೆ ಆತುಕೊಂಡು ಹಳದಿಯ ಮೇಲೆ ಕೂತಳು. ಅಜ್ಜಿ ಬಾಗಿಲ ಬಳಿಯಿದ್ದ ಒಂದು ಅಕ್ಕಿ ಮೂಟೆಯ ಮೇಲೆ ಹತ್ತಿ, ಅಲ್ಲಿಂದ ನೀಲಿಗೆ ಇಳಿದು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಮೊಮ್ಮಗಳನ್ನು ಬಳಸಿಕೊಂಡಳು.

ಆಮೆ ಗುಡ್ಡ ಹತ್ತತೊಡಗಿತು. ಏರಿನಲ್ಲಿ ಅಪ್ಪನ ಬೆನ್ನು ನಂಕ್ಯಾಳ ಮೇಲೆ ಒರಗಿತು. ಗುಂಡಿಯ ಹತ್ತಿರ ಬ್ರೇಕು ಬಿದ್ದಾಗ ಅಜ್ಜಿ ಹಿಂದಿನಿಂದ ಒತ್ತಿದಳು. ನಂಕ್ಯಾ ನಡುವೆ ಚಪ್ಪಟೆಯಾದಳು. ಗಾಳಿ ಇಲ್ಲ, ದಾರಿಯೂ ಕಾಣುವುದಿಲ್ಲ. ಮೂಗಿನ ಮುಂದೆ ಅಪ್ಪನ ಅಂಗಿಯ ಸೋಪಿನ ವಾಸನೆ, ಕತ್ತಿನ ಹಿಂದೆ ಅಜ್ಜಿಯ ಬೆಚ್ಚನೆಯ ಉಸಿರು. ಅಜ್ಜಿಯ ಬೆರಳುಗಳು ಅವಳ ಹೊಟ್ಟೆಯ ಮೇಲೆ ಬಾಕಿಸಿಂಬಾದ ತಾಳ ಹಾಕುತ್ತಿದ್ದವು.

“ಇನ್ನೊಂಚೂರು ಜೋರಾಗಿ ಹೋಗ್ಬಹುದು ಅಂತ ಹೇಳು ನಿಮ್ಮಪ್ಪನಿಗೆ,” ಎಂದಳು ಅಜ್ಜಿ ಕಿವಿಯಲ್ಲಿ.

“ಅಪ್ಪಾ, ಜೋರಾಗಿ ಹೋಗ್ಬೇಕಂತೆ.”

ಅಪ್ಪನ ನಗು ಅವಳಿಗೆ ಕೇಳಿಸಲಿಲ್ಲ, ಅವನ ಬೆನ್ನು ಕುಲುಕಿದ್ದು ಅವಳ ಎದೆಗೆ ಗೊತ್ತಾಯಿತು. ಅದೇ ಹೊತ್ತಿಗೆ ಹಿಂದೆ ಅಜ್ಜಿಯ ಹೊಟ್ಟೆಯೂ ಕುಲುಕುತ್ತಿತ್ತು. ಇಬ್ಬರ ನಗುವೂ ಬಂದು ತನ್ನೊಳಗೇ ಸೇರುತ್ತಿದೆ ಎಂದು ನಂಕ್ಯಾಳಿಗೆ ಅನ್ನಿಸಿತು. ಅವಳಿಗೆ ತುಂಬಾ ಖುಷಿಯಾಯಿತು.

ಅಂದು ಅವಳು ಕುಣಿದದ್ದನ್ನು ಸ್ಕೂಲಿನವರು ಇನ್ನೂ ಹೇಳುತ್ತಾರೆ. ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಕೇಕೆ ಹಾಕಿದಳು. ಅಪ್ಪ ಮೈದಾನದ ಆಚೆ ತುದಿಯಲ್ಲಿ ಬೈಕಿನ ಪಕ್ಕ ನಿಂತು ಚಪ್ಪಾಳೆ ತಟ್ಟಿದ. ಅವನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಎಲ್ಲ ಮುಗಿದು ಹೊರಡುವಾಗ ಅಪ್ಪನಿಗೆ ಹಳೆಯ ಅಭ್ಯಾಸ. ಬೈಕು ಚಾಲೂ ಮಾಡಿ ಟ್ಯಾಂಕನ್ನು ತಟ್ಟಿ, “ಬಾರಮ್ಮ, ಹತ್ತು,” ಎಂದ.

ಟ್ಯಾಂಕು ಬಿಸಿಲಿಗೆ ಮಿಂಚುತ್ತಿತ್ತು. ನಂಕ್ಯಾ ಅದರ ಕಡೆ ಒಮ್ಮೆ ನೋಡಿದಳು. ಆಮೇಲೆ ಕಾಲು ಎತ್ತಿ ಹಳದಿ ಸೀಟಿನ ಮೇಲೆ ಕೂತು, ಅಪ್ಪನ ಸೊಂಟ ಹಿಡಿದುಕೊಂಡು, ಹಿಂದಕ್ಕೆ ತಿರುಗಿದಳು.

“ಬಾ ಅಜ್ಜಿ,” ಎಂದಳು. “ನಾನು ಕೂತಾಯ್ತು.”